ಎರಡನೇದು ಯಾವ ದೇಶದ್ದು ಸಾ?

ಸರ್ಕಾರಿ ಶಾಲೆಯ ಬೆಳಗಿನ ಪ್ರಾರ್ಥನೆಗೆ ಅದರದೇ ಆದ ಒಂದು ಕ್ರಮವುಂಟು. ನಾಡಗೀತೆ, ಪ್ರತಿಜ್ಞೆ, ದಿನಕ್ಕೊಂದು ನುಡಿಮುತ್ತು, ಪಂಚಾಂಗ, ಆಮೇಲೆ ವಾರ್ತೆ, ಕೊನೆಗೆ ರಾಷ್ಟ್ರಗೀತೆ. ವಾರ್ತೆ ಓದುವ ಸರದಿ ಬಂದ ಮಗು ಆ ದಿನ ತಲೆಗೆ ತುಸು ಹೆಚ್ಚೇ ಎಣ್ಣೆ ಹಚ್ಚಿಕೊಂಡು ಬರುತ್ತದೆ. ತುಮಕೂರು ಜಿಲ್ಲೆಯ ಅಂಚಿನ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 2017ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಆರನೇ ತರಗತಿಯ ಹುಡುಗನೊಬ್ಬ ಪತ್ರಿಕೆಯ ಬದಲು ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದ. ಅಣ್ಣನ ಫೋನಿಗೆ ಬಂದದ್ದನ್ನು ರಾತ್ರಿ ಕೂತು ದುಂಡಗೆ ಬರೆದುಕೊಂಡಿದ್ದ. ಭಾರತದ ರಾಷ್ಟ್ರಗೀತೆಯೇ ಇಡೀ ಪ್ರಪಂಚದಲ್ಲಿ ಅತ್ಯುತ್ತಮವೆಂದು ಯುನೆಸ್ಕೊ ಸಂಸ್ಥೆ ಈಗಷ್ಟೇ ಘೋಷಿಸಿದೆ ಎಂಬುದು ವಾರ್ತೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರು ತಟ್ಟಿದರು. ಕನ್ನಡ ಮೇಷ್ಟ್ರೂ ತಟ್ಟಿದರು.

ಮೊದಲ ಪೀರಿಯಡ್ ಕನ್ನಡದ್ದೇ. ಹಾಜರಿ ಮುಗಿಸಿ ಪುಸ್ತಕ ತೆರೆಯುವ ಹೊತ್ತಿಗೆ ಗೋಡೆಬದಿಯ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು.

"ಸಾ, ಎರಡನೇದು ಯಾವ ದೇಶದ್ದು ಸಾ?"

"ಎರಡನೇದು ಯಾವುದಮ್ಮ?"

"ಅಲ್ಲ ಸಾ, ನಮ್ದು ಫಸ್ಟ್ ಬಂತಲ್ಲ. ಸೆಕೆಂಡು ಯಾರ್ದು? ಕ್ರೀಡಾಕೂಟದಲ್ಲಿ ಮೂರೂ ಹೇಳ್ತಾರಲ್ಲ ಸಾ."

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ತರಲೆ ಪ್ರಶ್ನೆಯೆಂದು ಕೂರಿಸಿಬಿಡಬಹುದಿತ್ತು. ಆದರೆ ಆ ಹುಡುಗಿಯ ಮುಖದಲ್ಲಿ ತರಲೆಯೇನೂ ಇರಲಿಲ್ಲ. ಪಂದ್ಯ ನಡೆದಿದ್ದರೆ ಸೋತವರೂ ಇರಬೇಕಲ್ಲ ಎಂಬ ಸರಳವಾದ ಲೆಕ್ಕವಷ್ಟೇ ಇತ್ತು. ಸಂಜೆ ಅವರು ಮಗನನ್ನು ಕೂರಿಸಿಕೊಂಡು ಹುಡುಕಿಸಿದರು. ಈ ಸುದ್ದಿ ವರ್ಷಗಳಿಂದ ಸುತ್ತುತ್ತಲೇ ಇತ್ತು. ಅಂಥ ಯಾವ ಘೋಷಣೆಯನ್ನೂ ತಾನು ಮಾಡಿಲ್ಲವೆಂದು ಯುನೆಸ್ಕೊ ಹಿಂದೆಯೇ ಹೇಳಿಬಿಟ್ಟಿತ್ತು. ಎರಡನೆಯದು ಇರಲಿಲ್ಲ, ಏಕೆಂದರೆ ಮೊದಲನೆಯದೂ ಇರಲಿಲ್ಲ.

ಮರುದಿನ ಪ್ರಾರ್ಥನೆಯಲ್ಲಿ ಮೇಷ್ಟ್ರು ಮುಂದೆ ಬಂದು, ನಿನ್ನೆಯ ವಾರ್ತೆ ನಿಜವಲ್ಲವೆಂದೂ ವಿಚಾರಿಸದೆ ತಾವೂ ಚಪ್ಪಾಳೆ ತಟ್ಟಿದ್ದು ತಪ್ಪೆಂದೂ ಹೇಳಿದರು. ಹೆಡ್‌ಮಾಸ್ಟರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. "ದೇಶದ ವಿಷಯ ಅಲ್ವೇನ್ರೀ, ಇದ್ರೆ ಇರ್ಲಿ ಬಿಡಬಾರದಿತ್ತೆ?" ಎಂದರು. "ಬಹುಮಾನ ಬಂದಿಲ್ಲ ಅಂದ್ರೆ ರಾಷ್ಟ್ರಗೀತೆಗೆ ಏನು ಕಡಿಮೆ ಆಯ್ತು ಸಾರ್?" ಎಂದು ಮೇಷ್ಟ್ರು ನಕ್ಕರು. ನಕ್ಕರೇ ಹೊರತು ಆ ರಾತ್ರಿ ಅವರಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅದಕ್ಕೊಂದು ಹಳೆಯ ಕಾರಣವಿತ್ತು. ಪ್ರಶ್ನೆ ಕೇಳಿದ ಹುಡುಗಿಯ ತಾತನಿಗೆ ಅಕ್ಷರ ಕಲಿಸಿದವರು ಇದೇ ಮೇಷ್ಟ್ರು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಕಾಲ. ಸಂಜೆ ಲಾಟೀನು ಹಿಡಿದುಕೊಂಡು ಊರ ಚಾವಡಿಯಲ್ಲಿ ದೊಡ್ಡವರಿಗೆ ಅ ಆ ಇ ಈ ತಿದ್ದಿಸಿದ್ದರು. ಆ ತಾತ ತನ್ನ ಹೆಸರನ್ನು ಸೊಟ್ಟಗೆ ಬರೆದ ದಿನ ಚಾವಡಿಯಲ್ಲಿ ಬೆಲ್ಲ ಹಂಚಿದ್ದರು. ಎರಡು ವರ್ಷದ ಮೇಲೆ ಅದೇ ತಾತ ಒಂದು ಸಾಲಪತ್ರಕ್ಕೆ ಅದೇ ಸೊಟ್ಟ ಸಹಿ ಹಾಕಿ ಎಂಟು ಗುಂಟೆ ತೆಂಗಿನ ತೋಟ ಕಳೆದುಕೊಂಡರು. "ಏನು ಬರೆದಿದೆ ಅಂತ ಕೇಳಲಿಲ್ವಾ?" ಎಂದರೆ, "ಓದಿದೋರು ಬರೆದದ್ದು, ಸುಳ್ಳಿರ್ತದಾ ಮೇಷ್ಟ್ರೇ" ಎಂದಿದ್ದರು. ಹೆಬ್ಬೆಟ್ಟು ಹೋಗಿ ಸಹಿ ಬಂದಿತ್ತು. ಆದರೆ ಕೇಳದೆ ಹಾಕುವ ಸಹಿಯೂ ಹೆಬ್ಬೆಟ್ಟೇ ಎಂಬುದನ್ನು ಆಂದೋಲನದ ಪುಸ್ತಕದಲ್ಲಿ ಯಾರೂ ಅಚ್ಚು ಹಾಕಿರಲಿಲ್ಲ.

ಅಕ್ಷರಸ್ಥರೆನಿಸಿಕೊಂಡ ಮೇಷ್ಟ್ರ ಪಾಡಾದರೂ ಏನು? ಅದೇ ದಶಕದಲ್ಲಿ ಊರೂರಿನ ಬಾಗಿಲ ಮೇಲೆ ದೆವ್ವವನ್ನು ಹಿಂದಿರುಗಿಸಲು 'ನಾಳೆ ಬಾ' ಎಂದು ಬರೆಯುತ್ತಿದ್ದಾಗ ಅವರ ಮನೆಯ ಬಾಗಿಲ ಮೇಲೂ ಬರೆದಿತ್ತು. ಅದೂ ಅವರದೇ ಮುದ್ದಾದ ಕೈಬರಹದಲ್ಲಿ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ದೇಶವನ್ನೆಲ್ಲ ಸುತ್ತಿದಾಗ ಅವರೂ ಚಮಚ ಹಿಡಿದು ಸಾಲಿನಲ್ಲಿ ನಿಂತಿದ್ದರು. ದೆಹಲಿಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದರು. ದ್ರವದ ಮೇಲ್ಮೈ ಎಳೆತದಿಂದ ಚಮಚದ ಹಾಲು ಕಲ್ಲಿಗೆ ತಾಗುತ್ತಲೇ ತೆಳುವಾಗಿ ಹರಡಿ ಕೆಳಗಿಳಿಯುತ್ತದೆ. ಬಿಳಿ ಕಲ್ಲಿನ ಮೇಲೆ ಬಿಳಿ ಹಾಲು ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದು ವಿಸ್ತರಿಸಿದ್ದ ಮೇಷ್ಟ್ರು, ಅಂದು ತಾವೇ ಪ್ರಮಾಣಿಸಿ ನೋಡಿರಲಿಲ್ಲ.

ಪ್ರಶ್ನೆ ಕೇಳುವುದು ಕನ್ನಡ ನಾಡಿಗೆ ಹೊಸದೇನಲ್ಲ. ಗೌರಿಬಿದನೂರು ತಾಲ್ಲೂಕಿನ ಹಳ್ಳಿಯಿಂದ ಬಂದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ್ದರು. ದೂರದ ಬ್ರೆಜಿಲ್‌ನಲ್ಲಿ ಪಾಲೊ ಫ್ರೇರೆ ಎಂಬ ಶಿಕ್ಷಣ ತಜ್ಞ 1963ರಲ್ಲಿ ಅಂಗಿಕೋಸ್ ಎಂಬ ಊರಿನ ಸುಮಾರು 300 ಮಂದಿ ದುಡಿಯುವ ಜನರಿಗೆ ಅಕ್ಷರ ಕಲಿಸಿದ್ದು ಅವರ ಬದುಕಿನದೇ ಮಾತುಗಳನ್ನು ಹಿಡಿದು, ಅವುಗಳ ಬಗ್ಗೆ ಅವರನ್ನೇ ಮಾತಾಡಿಸಿ. ಮರುವರ್ಷ ಅಧಿಕಾರ ಹಿಡಿದ ಸೈನ್ಯ ಅವರನ್ನು ಜೈಲಿಗೆ ಹಾಕಿತು. ಓದು ಕಲಿಸಿದ್ದಕ್ಕೆ ಯಾರೂ ಜೈಲಿಗೆ ಹಾಕುವುದಿಲ್ಲ. ಕೇಳುವುದನ್ನು ಕಲಿಸಿದ್ದಕ್ಕೆ ಹಾಕಿದರು.

ಮೇಷ್ಟ್ರು ಅಷ್ಟು ದೂರ ಹೋಗಲಿಲ್ಲ. ಒಂದು ಸೋಮವಾರ ಕರಿಹಲಗೆಯ ಮೂಲೆಯಲ್ಲಿ ನಾಲ್ಕು ಸಾಲು ಬರೆದು, ಇದನ್ನು ಯಾರೂ ಅಳಿಸಬಾರದು ಎಂದರು. ಹೇಳಿದ್ದು ಯಾರು? ಅವರಿಗೆ ಹೇಗೆ ಗೊತ್ತು? ಹೀಗೆ ಹೇಳಿದ್ದರಿಂದ ಯಾರಿಗೆ ಲಾಭ? ಹೇಳದೆ ಬಿಟ್ಟದ್ದೇನು?

ಮೊದಲ ಪಾಠಕ್ಕೆ ಶಾಲೆಗೆ ಬರುವ ಪತ್ರಿಕೆಯೊಂದು, ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ತಂದ ಇನ್ನೊಂದು ಪತ್ರಿಕೆ ಸಾಕಾಯಿತು. ಎರಡರಲ್ಲೂ ಅದೇ ಊರಿನ ಕೆರೆಗೆ ಹೇಮಾವತಿ ನಾಲೆಯಿಂದ ನೀರು ಬಿಟ್ಟ ಸುದ್ದಿ. ಒಂದರಲ್ಲಿ ಕೆರೆಗೆ ನೀರು ಬಂದು ರೈತರು ಹರ್ಷಗೊಂಡಿದ್ದರು. ಇನ್ನೊಂದರಲ್ಲಿ ಕೆರೆ ಅರ್ಧವೂ ತುಂಬದೆ ರೈತರು ಸಿಟ್ಟಾಗಿದ್ದರು. ಯಾವುದು ಸುಳ್ಳು ಎಂದು ಮೇಷ್ಟ್ರು ಕೇಳಿದ್ದಕ್ಕೆ ತರಗತಿ ಎರಡು ಪಕ್ಷವಾಯಿತು. ಮಧ್ಯಾಹ್ನದ ಬಿಸಿಯೂಟ ಮುಗಿಸಿ ಎಲ್ಲರೂ ಕೆರೆ ಏರಿಗೆ ನಡೆದರು. ನೀರು ಬಂದಿತ್ತು, ಅರ್ಧ ತುಂಬಿರಲಿಲ್ಲ. ತೂಬಿನ ಕಡೆಯ ಗದ್ದೆಯವರು ಖುಷಿಯಾಗಿದ್ದರು, ಕೋಡಿಯ ಕಡೆಯವರು ಬೈಯುತ್ತಿದ್ದರು. "ಎರಡೂ ನಿಜ ಸಾ. ಆದ್ರೆ ಎರಡೂ ಅರ್ಧರ್ಧ" ಎಂದ ಒಬ್ಬ. ಸುಳ್ಳು ಹೇಳದೆಯೂ ಪೂರ್ತಿ ಹೇಳದೆ ಇರಬಹುದು ಎಂಬುದನ್ನು ಆ ಮಕ್ಕಳು ಪುಸ್ತಕದಿಂದ ಕಲಿಯಲಿಲ್ಲ, ಕೆರೆಯಿಂದ ಕಲಿತರು.

ಆಮೇಲೆ ತರಗತಿಗೆ ಏನೇನೋ ಬರತೊಡಗಿದವು. ಹಾಲಿಗೆ ಬೆರೆಸಿ ಕುಡಿಸುವ ಪುಡಿಯ ಡಬ್ಬಿ ಬಂತು. ಮುಂದುಗಡೆ ದಪ್ಪಕ್ಷರದಲ್ಲಿ ಶಕ್ತಿ, ಎತ್ತರ, ಬುದ್ಧಿ. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅದರೊಳಗಿನ ಪದಾರ್ಥಗಳು. ಯಾವುದು ಹೆಚ್ಚು ತೂಕವೋ ಅದನ್ನೇ ಮೊದಲು ಬರೆಯಬೇಕು, ಕಡಿಮೆಯದನ್ನು ಕೊನೆಗೆ ಎಂಬುದು ಕಾನೂನು ಎಂದು ಮೇಷ್ಟ್ರು ತಿಳಿಸಿಕೊಟ್ಟರು. ಮಕ್ಕಳು ಬೆರಳಿಟ್ಟು ಓದಿದರು. ಎರಡನೆಯ ಹೆಸರೇ ಸಕ್ಕರೆ. ವಿಟಮಿನ್ನುಗಳು ಸಾಲಿನ ಬಾಲದಲ್ಲಿ. "ಸಾ, ಇದು ಸಕ್ಕರೆ ಡಬ್ಬಿ ಅಲ್ವಾ?" ಎಂದು ಹಿಂದಿನ ಬೆಂಚಿನಿಂದ ಧ್ವನಿ ಬಂತು. ಮುಂದೆ 2024ರ ಏಪ್ರಿಲ್‌ನಲ್ಲಿ, ಆಹಾರ ಸುರಕ್ಷತಾ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಎಂಬ ವರ್ಗವೇ ಇಲ್ಲವೆಂದು ಹೇಳಿ, ಇಂಥ ಪೇಯಗಳನ್ನು ಆ ಹೆಸರಿನಡಿ ಮಾರಬಾರದೆಂದು ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಹಿಂದಿನ ಬೆಂಚಿನವರು ಆರೇಳು ವರ್ಷ ಮುಂಚೆಯೇ ಆ ತೀರ್ಪು ಕೊಟ್ಟಿದ್ದರು.

ದೀಪಾವಳಿಗೆ ಒಂದು ಚಿತ್ರ ಬಂತು: ಆಕಾಶದಿಂದ ತೆಗೆದ, ಬಣ್ಣಬಣ್ಣದ ದೀಪಗಳಿಂದ ಜಗಜಗಿಸುವ ಭಾರತ. ದೀಪಾವಳಿಯ ರಾತ್ರಿ ನಾಸಾ ತೆಗೆದದ್ದು ಎಂದು ಕೆಳಗೆ ಬರೆದಿತ್ತು. ನಿಜಕ್ಕೂ ಅದು ಹಲವು ವರ್ಷಗಳ ಉಪಗ್ರಹ ಚಿತ್ರಗಳನ್ನು ಜೋಡಿಸಿ, ಊರುಗಳು ಬೆಳೆದಂತೆ ಎಲ್ಲೆಲ್ಲಿ ಹೊಸ ಬೆಳಕು ಬಂತು ಎಂದು ಬಣ್ಣ ಹಾಕಿ ತೋರಿಸಿದ ನಕ್ಷೆ. ಅದು ದೀಪಾವಳಿಯದಲ್ಲ ಎಂದು ನಾಸಾ 2012ರಲ್ಲೇ ತಿಳಿಸಿತ್ತು. ಚಿತ್ರ ಸುಳ್ಳಲ್ಲ, ಕೆಳಗಿನ ಸಾಲು ಸುಳ್ಳು. ಈ ವ್ಯತ್ಯಾಸ ಹಿಡಿಯಲು ದೊಡ್ಡವರೇ ಒದ್ದಾಡುತ್ತಾರೆ.

ಆದರೆ ಕತ್ತಿಗೆ ಸಾಣೆ ಹಿಡಿದವನ ಬೆರಳಿಗೂ ಅದು ತಾಗದೆ ಬಿಡುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಗಾದೆ ವಿಸ್ತರಣೆಯ ಪಾಠ. 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂದು ಮೇಷ್ಟ್ರು ವಾಡಿಕೆಯಂತೆ ಶುರುಮಾಡಿದರು. ಅದೇ ಹುಡುಗಿ ಎದ್ದಳು.

"ಸಾ, ಗಾದೆ ಸುಳ್ಳಾಗದು ಅಂತ ಹೇಳಿದ್ದೂ ಗಾದೇನೇ ಅಲ್ವಾ ಸಾ?"

ತರಗತಿ ಗೊಳ್ಳೆಂದಿತು. ನಗು ಅಡಗುವ ಮುಂಚೆಯೇ ಅವಳ ಪಕ್ಕದವಳು, "ಸಾ, ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಅಂತ ಗಾದೆ ಕಟ್ಟಿದ್ದು ಗಂಡಸಾ, ಹೆಂಗಸಾ?" ಎಂದಳು. ಹೇಳಿದ್ದು ಯಾರು? ಹೀಗೆ ಹೇಳಿದ್ದರಿಂದ ಯಾರಿಗೆ ಲಾಭ? ಕರಿಹಲಗೆಯ ಮೂಲೆಯಲ್ಲಿ ಮೇಷ್ಟ್ರ ಕೈಬರಹವೇ ಅವರನ್ನು ನೋಡುತ್ತಿತ್ತು. ಮೂವತ್ತು ವರ್ಷದಿಂದ ಹೇಳಿಕೊಂಡು ಬಂದ ಪೀಠಿಕೆಯನ್ನು ಅವರು ಅಂದಿಗೆ ಕೈಬಿಟ್ಟರು. ಪರೀಕ್ಷೆಗೆ ಏನು ಬರೆಯಬೇಕೋ ಅದನ್ನೂ ಹೇಳಿಕೊಡಬೇಕಾಯಿತು ಎಂಬುದು ಬೇರೆ ಮಾತು. ಅಂಕ ಕೊಡುವವರು ಮೂಲೆಯ ನಾಲ್ಕು ಸಾಲನ್ನು ಓದಿರುವುದಿಲ್ಲವಲ್ಲ.

ಇನ್ನೊಂದು ರೋಗವೂ ಅಂಟಿತು. ಚೀಟಿ ಓದಿ ಪೇಚಿಗೆ ಸಿಕ್ಕಿದ್ದ ಹುಡುಗ ಈಗ ಎಲ್ಲದಕ್ಕೂ "ಸುಳ್ಳು ಸಾ" ಎನ್ನತೊಡಗಿದ. ಪತ್ರಿಕೆ ಸುಳ್ಳು, ಟಿ.ವಿ. ಸುಳ್ಳು, ಭೂಮಿ ಗುಂಡಗಿದೆ ಅನ್ನೋದೂ ಸುಳ್ಳು, ಯಾರು ನೋಡಿದ್ದಾರೆ? ಮೇಷ್ಟ್ರಿಗೆ ಇದು ಮೊದಲಿನದಕ್ಕಿಂತ ದೊಡ್ಡ ಚಿಂತೆಯಾಯಿತು. ಎಲ್ಲವನ್ನೂ ನಂಬುವವನಿಗೂ ಯಾವುದನ್ನೂ ನಂಬದವನಿಗೂ ಒಂದು ಸುಖ ಸಮಾನವಾಗಿದೆ: ಇಬ್ಬರೂ ಎದ್ದು ಹೋಗಿ ನೋಡಬೇಕಾಗಿಲ್ಲ. ಅದೃಷ್ಟಕ್ಕೆ 2018ರ ಜನವರಿ 31ರ ಸಂಜೆ ಪೂರ್ಣ ಚಂದ್ರಗ್ರಹಣವಿತ್ತು. ಗ್ರಹಣ ಹಿಡಿದ ಚಂದ್ರನೇ ಅಂದು ಹುಟ್ಟಿ ಬಂದ. ಹೊರಗೆ ಬರಬಾರದೆಂದು ಅನೇಕ ಮನೆಗಳಲ್ಲಿ ಬಾಗಿಲು ಹಾಕಿದ್ದರು. ಶಾಲೆಯ ಮೈದಾನಕ್ಕೆ ಬಂದವರು ಏಳೇ ಮಕ್ಕಳು, ಅವರಲ್ಲಿ ಆ ಹುಡುಗನೂ ಒಬ್ಬ. ಏಳೂವರೆ ದಾಟಿದ ಮೇಲೆ ತಾಮ್ರದ ಬಣ್ಣ ಕಳೆದು, ಬೆಳಕು ಒಂದು ಅಂಚಿನಿಂದ ಮರಳತೊಡಗಿತು. "ನೆರಳಿನ ಅಂಚು ನೋಡು. ನೇರವಾಗಿದೆಯೋ, ಬಾಗಿದೆಯೋ?" ಎಂದರು ಮೇಷ್ಟ್ರು. ಹುಡುಗ ಬಹಳ ಹೊತ್ತು ನೋಡಿದ. "ಬಾಗೈತೆ ಸಾ." "ಆ ನೆರಳು ಯಾರದ್ದು?" ಅವನು ಉತ್ತರ ಹೇಳಲಿಲ್ಲ, ತನ್ನ ಕಾಲ ಕೆಳಗಿನ ನೆಲವನ್ನೊಮ್ಮೆ ನೋಡಿಕೊಂಡ.

ಅದೇ ವರ್ಷದ ಬೇಸಿಗೆಯಲ್ಲಿ ಮಕ್ಕಳ ಕಳ್ಳರ ಸುದ್ದಿ ಹಬ್ಬಿತು. ಹೊರರಾಜ್ಯದಿಂದ ನೂರಾರು ಕಳ್ಳರು ಇಳಿದಿದ್ದಾರೆಂದು ಫೋನಿನಿಂದ ಫೋನಿಗೆ ಮಾತು ಹಾರಿತು. ಜೊತೆಗೊಂದು ವಿಡಿಯೋ: ಬೀದಿಯಲ್ಲಿ ಆಡುವ ಮಗುವನ್ನು ಬೈಕಿನವರು ಎತ್ತಿಕೊಂಡು ಹೋಗುತ್ತಾರೆ. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಜನರನ್ನು ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಕಿರುಚಿತ್ರ. ಕೊನೆಯಲ್ಲಿ ಆ ಬೈಕಿನವರೇ ಮಗುವನ್ನು ತಂದು ಬಿಟ್ಟು ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹಾಕಿದ್ದರು. ಹೇಳದೆ ಬಿಟ್ಟದ್ದೇನು ಎಂಬ ನಾಲ್ಕನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮೇ 23ರಂದು ಬೆಂಗಳೂರಿನಲ್ಲೇ, ರಾಜಸ್ಥಾನದಿಂದ ಕೂಲಿಗೆ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು.

ಜೂನ್ ತಿಂಗಳ ಒಂದು ಸಂಜೆ ಈ ಹಳ್ಳಿಗೂ ಬೆಡ್‌ಶೀಟ್ ಮಾರುವವನೊಬ್ಬ ಬಂದ. ಕನ್ನಡ ಬಾರದು. ಯಾವುದೋ ಮನೆಯ ಜಗಲಿಯ ಮೇಲಿದ್ದ ಮಗುವನ್ನು ಮಾತಾಡಿಸಿದನಂತೆ. ಕ್ಷಣದಲ್ಲಿ ಅರಳಿಕಟ್ಟೆಯ ಬಳಿ ಐವತ್ತು ಜನ. ಅವನ ಗಂಟು ಬಿಚ್ಚಿ ಬೀದಿಗೆ ಚೆಲ್ಲಿದರು. ಕಟ್ಟೆಯ ಮೇಲೆ ಊರ ಹಿರಿಯರ ನಡುವೆ ಆ ತಾತನೂ ಇದ್ದರು. ಏಳನೇ ತರಗತಿಗೆ ಬಂದಿದ್ದ ಮೊಮ್ಮಗಳು ನೀರಿನ ಬಿಂದಿಗೆ ಹೊತ್ತು ಬಂದವಳು ನಿಂತು ನೋಡಿದಳು. "ತಾತ, ಯಾರ್ ಮಗು ಕಳೆದೈತೆ?" ಎಂದಳು.

ತಾತ "ಒಳಿಕ್ಕೆ ನಡಿ" ಎಂದು ಅವಳ ತಲೆಗೆ ಮೊಟಕಿದರು. ಆದರೆ ಮಾತು ಆಗಲೇ ಆಡಿಯಾಗಿತ್ತು. ಯಾರ ಮಗು? ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಮನೆಯಲ್ಲೂ ಮಗು ಕಳೆದಿರಲಿಲ್ಲ. ಅಷ್ಟರಲ್ಲಿ ಬೀಟ್ ಪೊಲೀಸಿನವರ ಬೈಕೂ ಬಂತು. ಅವನನ್ನು ಠಾಣೆಗೆ ಕರೆದೊಯ್ದು ವಿಚಾರಿಸಿ ಬಸ್ಸು ಹತ್ತಿಸಿದರು. ಉಳಿಸಿದ್ದು ಹುಡುಗಿಯ ಪ್ರಶ್ನೆಯೋ ಪೊಲೀಸಿನವರ ಬೈಕೋ ಎಂದು ಹೇಳುವವರಿಲ್ಲ. ಹೇಳಲು ಹೋದರೆ, ನಿಮಗೆ ಹೇಗೆ ಗೊತ್ತು ಎಂದು ಅವಳೇ ಕೇಳಿಯಾಳು.

ಮರುದಿನ ಅವಳ ತಂದೆ ಶಾಲೆಗೆ ಬಂದರು. "ಏನ್ ಮೇಷ್ಟ್ರೇ, ನಾಲ್ಕು ಜನ ಗಂಡಸ್ರ ಮಧ್ಯೆ ಬಾಯಿ ಹಾಕೋದು ಕಲಿಸ್ತಿದ್ದೀರಾ? ನಾಳೆ ಗಂಡನ ಮನೇಲೂ ಹಿಂಗೇ ಕೇಳಿದ್ರೆ?" ಎಂದು ದನಿ ಏರಿಸಿದರು. ಮೇಷ್ಟ್ರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಉತ್ತರ ಕೊಡಲಾಗಲಿಲ್ಲ. ಪ್ರಶ್ನೆ ಕಲಿಸಿದವರಿಗೆ ಸಂಬಳ ಬರುತ್ತದೆ. ಪ್ರಶ್ನೆ ಕೇಳಿದವಳಿಗೆ ಮೊಟಕು ಬೀಳುತ್ತದೆ. ಇದು ಅವರು ಅದುವರೆಗೆ ಯೋಚಿಸದೆ ಇದ್ದ ಲೆಕ್ಕ. ಆ ವಾರ ಅವರು ಮಕ್ಕಳಿಗೆ ಇನ್ನೊಂದು ಪಾಠ ಮಾಡಿದರು. ಹಿರಿಯರ ಮುಂದೆ "ಸುಳ್ಳು" ಎನ್ನಬೇಡಿ, "ನಿಮಗೆ ಯಾರು ಹೇಳಿದರು ತಾತ?" ಎನ್ನಿ. ಮೊದಲನೆಯದರಿಂದ ಬಾಗಿಲು ಮುಚ್ಚುತ್ತದೆ, ಎರಡನೆಯದರಿಂದ ತೆರೆದರೂ ತೆರೆದೀತು.

ಜುಲೈ 13, ಶುಕ್ರವಾರ. ಬೀದರ್ ಜಿಲ್ಲೆಯ ಔರಾದ್ ಕಡೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ತರುಣ ಇಂಜಿನಿಯರೊಬ್ಬರನ್ನು ಗುಂಪು ಹೊಡೆದು ಕೊಂದಿತು. ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಅವರು ವಿದೇಶದ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಮೂಲ. ಅವರು ಮುಂದಿನ ಊರು ತಲುಪುವ ಮುಂಚೆಯೇ ಸಂದೇಶ ಅಲ್ಲಿಗೆ ತಲುಪಿತ್ತು. ಸೋಮವಾರದ ಪ್ರಾರ್ಥನೆಯಲ್ಲಿ ವಾರ್ತೆ ಓದುವ ಸರದಿ ಆ ಹುಡುಗನದೇ. ಈ ಸಲ ಕೈಯಲ್ಲಿ ಪತ್ರಿಕೆಯಿತ್ತು. ಚಾಕೊಲೇಟಿನ ಸಾಲಿಗೆ ಬಂದಾಗ ಅವನ ಓದು ತೊದಲಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅದೇ ತಿಂಗಳು ವಾಟ್ಸ್ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹೇರುವುದಾಗಿ ಹೇಳಿತು. ಅದೇ ವರ್ಷ ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ನಡೆಯಿತು. ಇತ್ತ ಈ ಹಳ್ಳಿಯಲ್ಲಿ ಆದದ್ದು ಅಂಥ ದೊಡ್ಡದೇನಲ್ಲ. ತಾತ ಸಂಜೆ ಹೊತ್ತು ಮೊಮ್ಮಗಳಿಂದ ಪತ್ರಿಕೆ ಓದಿಸಿಕೊಳ್ಳತೊಡಗಿದರು. ನಡುನಡುವೆ ತಡೆದು, "ಇದನ್ನ ಹೇಳಿದೋರು ಯಾರಂತೆ?" ಎನ್ನುವರು. ಬ್ಯಾಂಕಿನಿಂದ ಯಾವ ಕಾಗದ ಬಂದರೂ ಅವಳು ಎರಡು ಸಲ ಓದದೆ ಸಹಿ ಹಾಕುತ್ತಿರಲಿಲ್ಲ. ಆ ತಂದೆ ಮಾತ್ರ ಮೇಷ್ಟ್ರು ಎದುರಾದರೆ ಮಾತಿಲ್ಲದೆ ತಲೆಯಾಡಿಸಿ ಹೋಗುತ್ತಿದ್ದರು. ಆದರೆ ಮಗಳನ್ನು ಹೈಸ್ಕೂಲಿಗೆ ಸೇರಿಸಿದರು.

2024ರಲ್ಲಿ ಮೇಷ್ಟ್ರು ನಿವೃತ್ತರಾದರು. ಶಾಲೆಯ ಮೈದಾನದಲ್ಲಿ ಶಾಮಿಯಾನ, ಮೈಸೂರು ಪೇಟ, ಗಂಧದ ಹಾರ. ಊರಿನ ಮುಖಂಡರೊಬ್ಬರು ಮೈಕು ಹಿಡಿದು, ಇಂಥ ಮೇಷ್ಟ್ರು ಇಡೀ ಜಿಲ್ಲೆಗೇ ನಂಬರ್ ಒನ್ ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಶಾಮಿಯಾನದ ಕಂಬದ ಬಳಿ, ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಮಾತ್ರ ಕೈ ಕಟ್ಟಿಕೊಂಡು ನಗುತ್ತಾ ನಿಂತಿದ್ದಳು. ಮೇಷ್ಟ್ರು ಅವಳನ್ನು ನೋಡಿದರು. ಪೇಟ ಸರಿಮಾಡಿಕೊಳ್ಳುತ್ತಾ ಮೈಕಿನ ಮುಂದೆ ಬಂದು, "ಎರಡನೆಯವರು ಯಾರು ಸ್ವಾಮಿ?" ಎಂದರು.